ಮುಖ ಉಜ್ಜುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಔಷಧ ಅಂಗಡಿಯಲ್ಲಿ ಕೌಂಟರ್ ಹಿಂದೆ ನಿಲ್ಲುವುದು ನನ್ನ ಕೆಲಸ. ನಾನು ಕನ್ನಡದವಳು ಎಂದು ಗೊತ್ತಾದವರು ಚೀಟಿಯ ಔಷಧ ತೆಗೆದುಕೊಂಡ ಮೇಲೂ ಒಂದು ನಿಮಿಷ ನಿಲ್ಲುತ್ತಾರೆ. ಆಮೇಲೆ ದನಿ ತಗ್ಗಿಸಿ ಮುಖದ ಬಗ್ಗೆ ಕೇಳುತ್ತಾರೆ. ಮಾಟುಂಗಾ, ಚೆಂಬೂರು, ಪುಣೆ, ಮಡಗಾಂವ್ ಕಡೆಯ ನೆಂಟರಿಂದ ಮೆಸೇಜುಗಳೂ ಬರುತ್ತವೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ನಾನು ಚರ್ಮದ ಡಾಕ್ಟರ್ ಅಲ್ಲ. ಎಲ್ಲಿ ಡಾಕ್ಟರ್ ಬೇಕೋ ಅಲ್ಲಿ ಹಾಗೆಂದೇ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

ಎಕ್ಸ್‌ಫೋಲಿಯೇಶನ್ ಅಂದ್ರೆ ಸ್ಕ್ರಬ್ ಮಾಡೋದೇ ಅಲ್ವಾ?

ಸ್ಕ್ರಬ್ ಅದರ ಒಂದು ಬಗೆ. ಚರ್ಮದ ತೀರಾ ಮೇಲಿನ ಪದರದಲ್ಲಿ ಸತ್ತ ಜೀವಕೋಶಗಳಿರುತ್ತವೆ. ಅವನ್ನು ಸಡಿಲ ಮಾಡಿ ತೆಗೆಯುವುದೇ ಎಕ್ಸ್‌ಫೋಲಿಯೇಶನ್. ಇದಕ್ಕೆ ಎರಡು ದಾರಿ. ಪುಡಿ, ಬಟ್ಟೆ, ಬ್ರಶ್ಶಿನಿಂದ ಉಜ್ಜಿ ತೆಗೆಯಬಹುದು. ಇಲ್ಲವೇ ಕೋಶ ಕೋಶದ ನಡುವಿನ ಹಿಡಿತವನ್ನು ಆಮ್ಲದಿಂದ ಬಿಡಿಸಬಹುದು. ಆಮ್ಲ ಎಂದ ಕೂಡಲೇ ಹೆದರಬೇಕಿಲ್ಲ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವೂ ಇದೇ ಗುಂಪಿನದು. ಹಾಗಂತ ಆಮ್ಲ ಯಾವಾಗಲೂ ಸ್ಕ್ರಬ್‌ಗಿಂತ ಮೃದು ಎಂದೂ ನಂಬಬೇಡಿ. ಶಕ್ತಿ ಜಾಸ್ತಿಯಾದರೆ ಅದೂ ಸುಡುತ್ತದೆ.

ಇದನ್ನ ಮಾಡಲೇಬೇಕಾ? ನಮ್ಮಮ್ಮ ಇದ್ಯಾವುದೂ ಮಾಡ್ತಿರ್ಲಿಲ್ಲ.

ಮಾಡಲೇಬೇಕು ಎಂದೇನೂ ಇಲ್ಲ. ಚರ್ಮ ತಾನಾಗಿ ಉದುರುತ್ತದೆ. ಕೆಳಗೆ ಹುಟ್ಟಿದ ಕೋಶ ಮೇಲೆ ಬಂದು ಉದುರಿಹೋಗಲು ಹರೆಯದಲ್ಲಿ ಸುಮಾರು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ವಯಸ್ಸಾದಂತೆ ನಿಧಾನವಾಗುತ್ತದೆ. ಮುಖ ಮಂಕಾಗಿ, ಒರಟಾಗಿ ಇದ್ದರೆ, ಬ್ಲ್ಯಾಕ್‌ಹೆಡ್ ಜಾಸ್ತಿ ಇದ್ದರೆ, ಮೊಡವೆಯ ಕಲೆ ನಿಧಾನಕ್ಕೆ ಮಾಸುತ್ತಿದ್ದರೆ ಸ್ವಲ್ಪ ಸಹಾಯ ಸಿಗುತ್ತದೆ. ಅಷ್ಟೇ.

ನಾವು ಉಜ್ಜಲು ಹೊರಟಿರುವ ಪದರದ ದಪ್ಪ ಬರೀ 10ರಿಂದ 20 ಮೈಕ್ರಾನ್. ತಲೆಗೂದಲಿನ ಒಂದು ಎಳೆಗಿಂತ ತೆಳು. ಆ ಸತ್ತ ಕೋಶಗಳ ನಡುವೆ ಸೆರಮೈಡ್ (ಚರ್ಮದ ಒಂದು ಬಗೆಯ ಕೊಬ್ಬು), ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳು ತುಂಬಿರುತ್ತವೆ. ಒಳಗಿನ ನೀರು ಆರದಂತೆ, ಹೊರಗಿನ ಕೊಳೆ ಮತ್ತು ರೋಗಾಣು ಒಳಗೆ ಹೋಗದಂತೆ ತಡೆಯುವುದು ಈ ಪದರವೇ. ಸತ್ತದ್ದು ಎಂದು ನಾವು ಕರೆಯುವುದು ದಿನವಿಡೀ ಕೆಲಸ ಮಾಡುತ್ತಿರುತ್ತದೆ. ಕೆಳಗಿನ ಎಲ್ಲ ಉತ್ತರಗಳನ್ನೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಓದಿ.

ಎಕ್ಸಿಮಾ (ತುರಿಕೆಯ ಚರ್ಮರೋಗ), ರೋಸೇಶಿಯಾ (ಮುಖ ಪದೇ ಪದೇ ಕೆಂಪಾಗುವ ತೊಂದರೆ), ಬಿಸಿಲಿಗೆ ಸುಟ್ಟ ಚರ್ಮ, ಹಸಿ ಗಾಯ, ತುಟಿಯ ಸುತ್ತ ಹರ್ಪಿಸ್ ಗುಳ್ಳೆ ಇರುವಾಗ ಕೈಹಾಕಲೇಬೇಡಿ. ಮಕ್ಕಳ ಮುಖಕ್ಕೆ ಇದರ ಅಗತ್ಯವೇ ಇಲ್ಲ.

ದಿನಾ ಲೋಕಲ್‌ನಲ್ಲಿ ಓಡಾಡ್ತೀನಿ. ಮನೆಗೆ ಬಂದು ಮುಖ ಒರೆಸಿದ್ರೆ ಕರ್ಚೀಫ್ ಕಪ್ಪಗಾಗುತ್ತೆ. ದಿನಾ ಸ್ಕ್ರಬ್ ಬೇಡ್ವಾ?

ಬೇಡ. ಆ ಕಪ್ಪು ಧೂಳು, ಹೊಗೆ, ಬೆವರು, ಎಣ್ಣೆ ಸೇರಿದ ಕೊಳೆ. ಅದು ಚರ್ಮದ ಮೇಲೆ ಕೂತಿರುತ್ತದೆ. ಸೌಮ್ಯವಾದ ಫೇಸ್‌ವಾಶ್ ಹಾಕಿ ಬೆರಳ ತುದಿಯಿಂದ ಒಂದು ನಿಮಿಷ ಸವರಿ ತೊಳೆದರೆ ಹೋಗುತ್ತದೆ. ಸನ್‌ಸ್ಕ್ರೀನ್ ಅಥವಾ ಮೇಕಪ್ ಇದ್ದರೆ ಎರಡು ಸಲ ತೊಳೆಯಿರಿ. ಮೈಸೋಪು ಬೇಡ. ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಮುಖದ ಚರ್ಮದ ಪಿಎಚ್ ಸುಮಾರು 5, ಸಾಮಾನ್ಯ ಸೋಪಿನದು 9ರಿಂದ 10. ತೊಳೆದ ಮೇಲೆ ಮುಖ ಬಿಗಿಯುವುದು ಇದೇ ಕಾರಣಕ್ಕೆ.

ವಾರಕ್ಕೆ ಎಷ್ಟು ಸಲ ಮಾಡಬಹುದು?

ಹೊಸಬರಾದರೆ ವಾರಕ್ಕೆ ಒಂದು ಸಲ. ಒಂದು ತಿಂಗಳು ಏನೂ ತೊಂದರೆ ಆಗದಿದ್ದರೆ, ಎಣ್ಣೆ ಚರ್ಮದವರು ಎರಡಕ್ಕೆ ಏರಿಸಬಹುದು, ಹೆಚ್ಚೆಂದರೆ ಮೂರು. ಒಣ ಅಥವಾ ಸೂಕ್ಷ್ಮ ಚರ್ಮದವರಿಗೆ ವಾರಕ್ಕೊಂದು ಅಥವಾ ಹತ್ತು ದಿನಕ್ಕೊಂದು ಸಲವೇ ಸಾಕು. ಸ್ಕ್ರಬ್ ಅಥವಾ ಆಮ್ಲ, ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ. ಫೇಸ್‌ವಾಶ್, ಟೋನರ್, ಸೀರಮ್ ಮೂರರಲ್ಲೂ ಆಮ್ಲ ಇದ್ದರೆ ನಿಮಗೆ ಗೊತ್ತಿಲ್ಲದೇ ದಿನಕ್ಕೆ ಮೂರು ಸಲ ಮಾಡಿದಂತಾಗುತ್ತದೆ. ಬಾಟಲಿಯ ಹಿಂಬದಿ ಓದಿ. ಜಾಸ್ತಿ ಜನ ಎಡವುವುದು ಇಲ್ಲೇ.

## ಅಡುಗೆಮನೆಯಿಂದ

ಕಡಲೆಹಿಟ್ಟು, ಅರಿಶಿನ ಒಳ್ಳೇದಲ್ವಾ? ದೀಪಾವಳಿಗೆ ಇಲ್ಲಿ ಎಲ್ಲರೂ ಉಟಣೆ ಹಚ್ತಾರೆ.

ನಮ್ಮಲ್ಲಿ ನರಕ ಚತುರ್ದಶಿಯ ಎಣ್ಣೆಸ್ನಾನ, ಇಲ್ಲಿಯವರದು ಉಟಣೆ ಎಂಬ ಪುಡಿ ಹಚ್ಚಿದ ಅಭ್ಯಂಗ. ಎರಡೂ ಚೆಂದದ ಆಚರಣೆಗಳು, ಬಿಡಬೇಕಿಲ್ಲ. ವರ್ಷಕ್ಕೆ ಒಂದೆರಡು ಸಲ, ಮೊದಲು ಎಣ್ಣೆ ಹಚ್ಚಿ, ಅದರ ಮೇಲೆ ನುಣ್ಣಗಿನ ಪುಡಿಯನ್ನು ನೀರಿಗೋ ಹಾಲಿಗೋ ಕಲಸಿ ಹಚ್ಚುವುದರಿಂದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎಣ್ಣೆ ಇರುವುದರಿಂದ ಉಜ್ಜಾಟ ಕಡಿಮೆಯಾಗುತ್ತದೆ. ಹಿಂದಿನವರ ಆ ಕ್ರಮದಲ್ಲಿ ಅರ್ಥವಿದೆ.

ತೊಂದರೆ ಬರುವುದು ಅದನ್ನೇ ದಿನಚರಿ ಮಾಡಿಕೊಂಡಾಗ. ಪ್ಯಾಕ್ ಪೂರ್ತಿ ಒಣಗಿ ಬಿರಿಯುವ ತನಕ ಬಿಟ್ಟು, ಆಮೇಲೆ ಒಣ ಕೈಯಲ್ಲಿ ಉಜ್ಜಿ ಉದುರಿಸುತ್ತಾರೆ ನೋಡಿ, ಅದು ಬೇಡ. ಹಸಿಯಾಗಿರುವಾಗಲೇ ನೀರು ಹಾಕಿ ತೊಳೆಯಿರಿ. ಮುಲ್ತಾನಿ ಮಿಟ್ಟಿಗೂ ಇದೇ ಮಾತು. ಅದು ಎಣ್ಣೆಯನ್ನು ಹೀರುತ್ತದೆ, ಒಣ ಚರ್ಮದವರಿಗೆ ಹೇಳಿ ಮಾಡಿಸಿದ್ದಲ್ಲ. ಮನೆಯಲ್ಲಿ ಬೀಸಿದ ಪುಡಿಯಾದರೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಕಿತ್ತಳೆ ಸಿಪ್ಪೆಯ ಪುಡಿ, ಅಕ್ರೋಟಿನ ಚಿಪ್ಪಿನ ಪುಡಿ ಮುಟ್ಟಿದರೆ ತರಿತರಿ ಎನಿಸುತ್ತದೆಯಾ? ಮುಖಕ್ಕೆ ಬೇಡ.

ನಿಂಬೆಹಣ್ಣಿನ ಹೋಳಿಗೆ ಸಕ್ಕರೆ ಅದ್ದಿ ಉಜ್ಜಿದ್ರೆ ಕಲೆ ಹೋಗುತ್ತೆ ಅಂತಾರೆ?

ದಯವಿಟ್ಟು ಬೇಡ. ನಿಂಬೆರಸದ ಪಿಎಚ್ ಸುಮಾರು 2. ಸಕ್ಕರೆಯ ಹರಳು ಗೀರಿದ ಜಾಗಕ್ಕೆ ಆ ಹುಳಿ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಂಬೆ ಜಾತಿಯ ಹಣ್ಣುಗಳಲ್ಲಿ ಫ್ಯೂರೊಕೂಮರಿನ್ ಎಂಬ ಅಂಶವಿದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತಾಗಿ, ಗುಳ್ಳೆ ಎದ್ದು, ತಿಂಗಳುಗಟ್ಟಲೆ ಕಪ್ಪು ಗುರುತು ಉಳಿಯಬಹುದು. ಕಲೆ ತೆಗೆಯಲು ಹೋಗಿ ಕಲೆ ತಂದುಕೊಂಡಂತೆ. ಅಡುಗೆ ಸೋಡಾ, ಟೂತ್‌ಪೇಸ್ಟ್ ಕೂಡ ಮುಖಕ್ಕಲ್ಲ.

## ಬಾಟಲಿಯ ಆಮ್ಲಗಳು

ಗ್ಲೈಕೋಲಿಕ್, ಲ್ಯಾಕ್ಟಿಕ್, ಸ್ಯಾಲಿಸಿಲಿಕ್... ತಲೆ ಕೆಟ್ಟುಹೋಗುತ್ತೆ. ನಂಗೆ ಯಾವುದು?

ನಿಮ್ಮ ತೊಂದರೆ ಯಾವುದು ಎಂಬುದರಿಂದ ಶುರು ಮಾಡಿ.

ಎಣ್ಣೆ, ಬ್ಲ್ಯಾಕ್‌ಹೆಡ್, ಸಣ್ಣ ಮೊಡವೆ ಇದ್ದರೆ ಸ್ಯಾಲಿಸಿಲಿಕ್ ಆಮ್ಲ. ಇದು ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ರಂಧ್ರದ ಒಳಗೂ ಇಳಿಯುತ್ತದೆ. 0.5ರಿಂದ 2 ಶೇಕಡಾ ಸಾಕು. ಆಸ್ಪಿರಿನ್ ಅಲರ್ಜಿ ಇರುವವರು ಡಾಕ್ಟರನ್ನು ಕೇಳದೆ ಬಳಸಬೇಡಿ, ಎರಡೂ ಒಂದೇ ಕುಟುಂಬದವು. ಮೂಗಿನ ಮೇಲಿನ ಬೂದು ಚುಕ್ಕೆಗಳೆಲ್ಲ ಬ್ಲ್ಯಾಕ್‌ಹೆಡ್ ಅಲ್ಲ ಎಂಬುದೂ ನೆನಪಿರಲಿ. ಹಲವು ಚುಕ್ಕೆಗಳು ಎಣ್ಣೆ ಹೊರಬರುವ ಸಹಜ ದಾರಿ. ಹಿಂಡಿ ತೆಗೆದರೂ ಕೆಲವು ವಾರದಲ್ಲಿ ಮತ್ತೆ ತುಂಬುತ್ತವೆ.

ಮಂಕು, ಒರಟು, ಕಲೆ ಇದ್ದರೆ ಲ್ಯಾಕ್ಟಿಕ್ ಅಥವಾ ಮ್ಯಾಂಡೆಲಿಕ್. ಎಲ್ಲರೂ ಮೊದಲು ಕೇಳುವುದು ಗ್ಲೈಕೋಲಿಕ್, ನಾನು ಮಾತ್ರ ಅದನ್ನು ಕೊನೆಗೆ ಹೇಳುತ್ತೇನೆ. ಅದರ ಅಣು ಈ ಗುಂಪಿನಲ್ಲೇ ಚಿಕ್ಕದು, ಬೇಗ ಒಳಗೆ ಇಳಿಯುತ್ತದೆ, ಬೇಗ ಉರಿಯುತ್ತದೆ. ಮ್ಯಾಂಡೆಲಿಕ್‌ನ ಅಣು ದೊಡ್ಡದು, ನಿಧಾನಕ್ಕೆ ಇಳಿಯುತ್ತದೆ. ನಮ್ಮ ಕಂದು, ಗೋಧಿ, ಕಪ್ಪು ಬಣ್ಣದ ಚರ್ಮಕ್ಕೆ ಸಣ್ಣ ಉರಿತವಾದರೂ ಅಲ್ಲಿ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ಅಂಶ) ಜಾಸ್ತಿ ಉತ್ಪತ್ತಿಯಾಗಿ ಕಪ್ಪು ಗುರುತು ಬೀಳುತ್ತದೆ. ಹಾಗಾಗಿ ನಮಗೆ ನಿಧಾನವೇ ಲಾಭ.

ತುಂಬಾ ಸೂಕ್ಷ್ಮ ಚರ್ಮವಾದರೆ ಗ್ಲುಕೊನೊಲ್ಯಾಕ್ಟೋನ್ ಎಂಬ ಮೃದುವಾದ ಅಂಶ ಇರುವುದನ್ನು ನೋಡಿ.

ಎಷ್ಟು ಪರ್ಸೆಂಟ್‌ವರೆಗೆ ಮನೇಲಿ ಬಳಸಬಹುದು?

ಅಮೆರಿಕದ ಸೌಂದರ್ಯವರ್ಧಕ ಸುರಕ್ಷತಾ ಪರಿಣತರ ಸಮಿತಿ 1998ರಲ್ಲಿ ಗ್ಲೈಕೋಲಿಕ್, ಲ್ಯಾಕ್ಟಿಕ್ ಆಮ್ಲಗಳಿಗೆ ಒಂದು ಮಿತಿ ಹೇಳಿತು. ಮನೆಬಳಕೆಗೆ 10 ಶೇಕಡಾ ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗೆ ಹೋಗಬಾರದು, ಜೊತೆಗೆ ಬಿಸಿಲಿನಿಂದ ರಕ್ಷಣೆ ಬೇಕು. ಒಳ್ಳೆಯ ಮಿತಿ, ನಾನೂ ಅದನ್ನೇ ಹೇಳುತ್ತೇನೆ. ಶುರುವಿಗೆ 5 ಶೇಕಡಾ ಸಾಕು. ಆನ್‌ಲೈನ್‌ನಲ್ಲಿ ಸಿಗುವ 30 ಶೇಕಡಾದ ಹತ್ತು ನಿಮಿಷ ಹಚ್ಚಿ ತೊಳೆಯುವ ಆಮ್ಲದ ಪೀಲ್‌ಗಳನ್ನು ಮೊದಲ ಸಲಕ್ಕೆ ಕೇಳಿಕೊಂಡು ಬರುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ಮೊದಲ ಸಲ ಹೇಗೆ ಹಚ್ಚಬೇಕು?

ಮೊದಲು ಕಿವಿಯ ಹಿಂದೆ ಅಥವಾ ದವಡೆಯ ಕೆಳಗೆ ಸ್ವಲ್ಪ ಹಚ್ಚಿ, ಎರಡು ಮೂರು ದಿನ ಕಾಯಿರಿ. ತುರಿಕೆ, ಉರಿ ಇಲ್ಲದಿದ್ದರೆ ಮುಖಕ್ಕೆ ಹೋಗಿ. ರಾತ್ರಿ ಹೊತ್ತು, ತೊಳೆದು ಪೂರ್ತಿ ಒಣಗಿದ ಮುಖಕ್ಕೆ ತೆಳುವಾಗಿ ಸವರಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಜಾಸ್ತಿ. ಕಣ್ಣಿನ ಸುತ್ತ, ಮೂಗಿನ ಪಕ್ಕದ ಮಡಿಕೆ, ತುಟಿಯ ಮೂಲೆ ಬಿಡಿ. ಮೇಲೆ ಸಾದಾ ಮಾಯಿಶ್ಚರೈಸರ್ ಹಚ್ಚಿ. ಆ ರಾತ್ರಿ ಬೇರೆ ಏನೂ ಬೇಡ. ಸ್ವಲ್ಪ ಚುರುಗುಟ್ಟಿ ಒಂದೆರಡು ನಿಮಿಷದಲ್ಲಿ ನಿಂತರೆ ಸರಿ. ನಿಲ್ಲದಿದ್ದರೆ ತೊಳೆದುಬಿಡಿ, ಸಹಿಸಿಕೊಂಡು ಕೂರಬೇಡಿ.

ಪೀಲಿಂಗ್ ಜೆಲ್ ಉಜ್ಜಿದ್ರೆ ಕೊಳೆ ಉಂಡೆ ಉಂಡೆಯಾಗಿ ಬರುತ್ತೆ. ಅಷ್ಟೊಂದು ಸತ್ತ ಚರ್ಮ ಇತ್ತಾ?

ಆ ಉಂಡೆಗಳಲ್ಲಿ ಹೆಚ್ಚಿನದು ಜೆಲ್‌ನಲ್ಲಿರುವ ಅಂಟು ಪದಾರ್ಥವೇ. ಉಜ್ಜಿದಾಗ ಅದು ಸುರುಳಿಯಾಗುತ್ತದೆ. ಉಂಡೆ ನಿಲ್ಲುವ ತನಕ ಉಜ್ಜಬೇಡಿ.

## ಊರು, ಹವೆ, ಬಿಸಿಲು

ಮುಂಬೈಯಲ್ಲಿ ಮಳೆಗಾಲ ಪೂರ್ತಿ ಮೋಡ. ಆಗಲೂ ಸನ್‌ಸ್ಕ್ರೀನ್ ಹಚ್ಚಬೇಕಾ?

ಆಮ್ಲ ಬಳಸುತ್ತಿದ್ದರೆ ಹಚ್ಚಲೇಬೇಕು. ಗ್ಲೈಕೋಲಿಕ್‌ನಂತಹ ಆಮ್ಲಗಳು ಚರ್ಮ ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತವೆ. ಬಳಸುವುದನ್ನು ನಿಲ್ಲಿಸಿದ ಮೇಲೂ ಒಂದು ವಾರ ಆ ಪರಿಣಾಮ ಇರಬಹುದು. ತೆಳು ಮೋಡ ಅತಿನೇರಳೆ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ. ಟ್ರೈನಿನ, ಆಫೀಸಿನ ಕಿಟಕಿ ಗಾಜು ಕೂಡ ಯುವಿಎ ಎಂಬ ಬಗೆಯ ಅತಿನೇರಳೆ ಕಿರಣವನ್ನು ಒಳಗೆ ಬಿಡುತ್ತದೆ. ಎಸ್‌ಪಿಎಫ್ 30 ಅಥವಾ ಹೆಚ್ಚು ಇರುವುದನ್ನು ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿಕೊಂಡು ಮುಖ, ಕುತ್ತಿಗೆಗೆ ಹಚ್ಚಿ. ಹೊರಗೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಇಷ್ಟು ಮಾಡಲು ಆಗುವುದಿಲ್ಲ ಅನ್ನುವವರು ಆಮ್ಲವನ್ನೇ ಬಿಟ್ಟುಬಿಡುವುದು ಒಳ್ಳೆಯದು.

ಮುಂಬೈಯಿಂದ ಪುಣೆಗೆ ಬಂದ ಮೇಲೆ ಅದೇ ಸೀರಮ್ ಉರೀತಿದೆ. ಬಾಟಲಿ ಕೆಟ್ಟಿದ್ಯಾ?

ಕೆಟ್ಟಿರಲಿಕ್ಕಿಲ್ಲ. ಹವೆ ಬದಲಾಗಿದೆ. ಮುಂಬೈಯ ಗಾಳಿಯಲ್ಲಿ ಸದಾ ತೇವ. ಪುಣೆ ಘಾಟಿನ ಆಚೆ, ಚಳಿಗಾಲದಲ್ಲಿ ಗಾಳಿ ಒಣಕಲು, ರಾತ್ರಿ ಚಳಿ. ಚರ್ಮದಿಂದ ನೀರು ಬೇಗ ಆರುತ್ತದೆ. ನೀರೂ ಬೇರೆ. ಮುಂಬೈಗೆ ಭಾತ್ಸಾ, ತಾನ್ಸಾ, ವೈತರಣಾ ಕಡೆಯ ಕೆರೆಗಳ ಮೆದು ನೀರು ಬರುತ್ತದೆ. ಪುಣೆಯ ಹೊರವಲಯದ ಎಷ್ಟೋ ಸೊಸೈಟಿಗಳಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್‌ನ ಗಡಸು ನೀರು. ಗಡಸು ನೀರಿನಲ್ಲಿ ಸೋಪಿನ ಅಂಶ ಸರಿಯಾಗಿ ಹೋಗದೆ ಚರ್ಮದ ಮೇಲೆ ಉಳಿದು ಒಣಗಿಸುತ್ತದೆ. ವಾರಕ್ಕೆ ಎರಡು ಸಲ ಮಾಡುತ್ತಿದ್ದರೆ ಒಂದಕ್ಕೆ ಇಳಿಸಿ, ದಪ್ಪ ಮಾಯಿಶ್ಚರೈಸರ್‌ಗೆ ಬದಲಾಗಿ. ಬೆಂಗಳೂರು, ಧಾರವಾಡಕ್ಕೆ ರಜೆಯಲ್ಲಿ ಹೋದಾಗಲೂ ಹೀಗೆ ಆಗಬಹುದು.

ಗೋವಾದಲ್ಲಿ ನಾಲ್ಕು ದಿನ ಇದ್ದು ಬಂದೆ, ಮುಖ ಕಪ್ಪಾಗಿದೆ. ಸ್ಕ್ರಬ್ ಮಾಡಿದ್ರೆ ಟ್ಯಾನ್ ಹೋಗುತ್ತಾ?

ಟ್ಯಾನ್ ಎಂದರೆ ಮೆಲನಿನ್. ಅದು ಜೀವಂತ ಪದರದಲ್ಲೂ ಇರುತ್ತದೆ, ಸ್ಕ್ರಬ್ ಅಲ್ಲಿಗೆ ಮುಟ್ಟುವುದಿಲ್ಲ. ಮತ್ತೆ ಬಿಸಿಲು ಬೀಳದಂತೆ ನೋಡಿಕೊಂಡರೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಮುಖ ಕೆಂಪಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದು ಸುಟ್ಟ ಚರ್ಮ. ಪೂರ್ತಿ ಗುಣವಾಗುವ ತನಕ ಸ್ಕ್ರಬ್, ಆಮ್ಲ, ಪಾರ್ಲರಿನ ಡಿ-ಟ್ಯಾನ್ ಯಾವುದೂ ಬೇಡ.

## ಉಜ್ಜಿದರೆ ಹೋಗದವು

ಮಗಳ ಕುತ್ತಿಗೆ ಕಪ್ಪಗಿದೆ. ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ. ಸರಿಯಾಗಿ ಸ್ನಾನ ಮಾಡಲ್ಲ ಅನ್ಸುತ್ತೆ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ಹುಡುಗಿಯ ಬಗ್ಗೆ ಮರುಕವಾಗುತ್ತದೆ. ಕುತ್ತಿಗೆ, ಕಂಕುಳು ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಖಮಲ್ಲಿನಂತೆ ಇದ್ದರೆ ಅದು ಅಕಾಂಥೋಸಿಸ್ ನೈಗ್ರಿಕಾನ್ಸ್ ಇರಬಹುದು. ಹೆಚ್ಚಿನವರಲ್ಲಿ ಕಾರಣ ದೇಹಕ್ಕೆ ಇನ್ಸುಲಿನ್ ಸರಿಯಾಗಿ ಹತ್ತದಿರುವುದು. ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ), ತೂಕ, ಮುಂದೆ ಬರಬಹುದಾದ ಸಕ್ಕರೆ ಕಾಯಿಲೆ, ಇವುಗಳ ಜೊತೆ ನಂಟಿದೆ. ಕೊಳೆಯಲ್ಲ, ಸೋಮಾರಿತನವೂ ಅಲ್ಲ. ಆಕೆಯನ್ನು ಬೈಯಬೇಡಿ. ಡಾಕ್ಟರ ಹತ್ತಿರ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ಮೂಲ ಕಾರಣ ಸರಿಯಾದರೆ ಬಣ್ಣವೂ ನಿಧಾನಕ್ಕೆ ಇಳಿಯುತ್ತದೆ.

ತಿಕ್ಕುವುದರಿಂದ ಇನ್ನೂ ಕಪ್ಪಾಗುತ್ತದೆ. ನೈಲಾನ್ ಉಜ್ಜುಗ, ಕಲ್ಲು ಹಿಡಿದು ವರ್ಷಗಟ್ಟಲೆ ಬೆನ್ನು, ತೋಳು ತಿಕ್ಕಿದವರಲ್ಲಿ ಅಲೆಅಲೆಯಾದ ಕಂದು ಪಟ್ಟಿ ಬೀಳುತ್ತದೆ. ನಮ್ಮ ದೇಶದಲ್ಲಿ ಇದು ಸಾಮಾನ್ಯ.

ಮೂಗಿನ ಪಕ್ಕ, ಹುಬ್ಬಿನಲ್ಲಿ ಹೊಟ್ಟು ಏಳುತ್ತೆ. ಒಣ ಚರ್ಮ ಅಂತ ಸ್ಕ್ರಬ್ ಮಾಡಿ ಎಣ್ಣೆ ಹಚ್ತೀನಿ.

ತಲೆಯಲ್ಲೂ ಹೊಟ್ಟು ಇದೆಯಾ? ಹಾಗಾದರೆ ಇದು ಸೆಬೊರಿಕ್ ಡರ್ಮಟೈಟಿಸ್ ಇರಬಹುದು. ಎಣ್ಣೆ ಇರುವ ಕಡೆ ಬೆಳೆಯುವ ಮಲಸೇಜಿಯ ಎಂಬ ಯೀಸ್ಟ್‌ಗೂ ಇದಕ್ಕೂ ಸಂಬಂಧವಿದೆ. ಉಜ್ಜಿದರೆ ಕೆರಳುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿದರೆ ಜಾಸ್ತಿಯಾಗಬಹುದು. ಕೀಟೊಕೊನಜೋಲ್‌ನಂತಹ ಔಷಧ ಬೇಕಾಗುತ್ತದೆ, ಡಾಕ್ಟರ್‌ಗೆ ತೋರಿಸಿ. ಮಳೆಗಾಲದಲ್ಲಿ ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳೆದ್ದು ತುರಿಸುವುದೂ ಎಷ್ಟೋ ಸಲ ಇದೇ ಯೀಸ್ಟ್‌ನ ಕೆಲಸ. ಮೊಡವೆ ಎಂದುಕೊಂಡು ಸ್ಕ್ರಬ್ ಮಾಡುತ್ತಾ ಕೂತರೆ ತಿಂಗಳು ಕಳೆಯುತ್ತದೆ.

ಗಂಡಸರಿಗೂ ಇದೆಲ್ಲ ಬೇಕಾ?

ದಿನಾ ಶೇವ್ ಮಾಡುವವರಿಗೆ ಬ್ಲೇಡೇ ಒಂದಷ್ಟು ಸತ್ತ ಕೋಶಗಳನ್ನು ತೆಗೆಯುತ್ತದೆ. ಕೂದಲು ಒಳಗೇ ಸುತ್ತಿಕೊಂಡು ಗುಳ್ಳೆಯಾಗುತ್ತಿದ್ದರೆ ವಾರಕ್ಕೊಮ್ಮೆ ಸ್ಯಾಲಿಸಿಲಿಕ್ ಸಹಾಯ ಮಾಡುತ್ತದೆ, ಶೇವ್ ಮಾಡದ ರಾತ್ರಿ. ಹೆಂಗಸರಿಗೂ ಇದೇ ಎಚ್ಚರಿಕೆ. ಮುಖಕ್ಕೆ ಥ್ರೆಡಿಂಗ್, ವ್ಯಾಕ್ಸಿಂಗ್ ಇದ್ದರೆ ಹಿಂದೆ ಮುಂದೆ ಕೆಲವು ದಿನ ಆಮ್ಲ ಬೇಡ. ಸಡಿಲವಾದ ಚರ್ಮ ವ್ಯಾಕ್ಸ್ ಜೊತೆ ಕಿತ್ತುಬರುತ್ತದೆ.

## ಜಾಸ್ತಿ ಆದಾಗ

ಜಾಸ್ತಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?

ಮೊದಲ ಸುಳಿವು ಕಣ್ಣಿಗೆ ಕಾಣುವುದಿಲ್ಲ. ದಿನಾ ಹಚ್ಚುವ ಸಾದಾ ಕ್ರೀಮ್ ಇದ್ದಕ್ಕಿದ್ದಂತೆ ಉರಿಯುತ್ತದೆ. ಬೆವರು ಇಳಿದರೂ ಚುರುಗುಟ್ಟುತ್ತದೆ. ಮುಖ ಬಿಗಿಯಾಗಿ, ಮೇಣ ಹಚ್ಚಿದಂತೆ ಹೊಳೆಯುತ್ತದೆ. ಈ ಹೊಳಪನ್ನು ಗ್ಲೋ ಎಂದು ತಿಳಿದು ಇನ್ನೂ ಉಜ್ಜುವವರಿದ್ದಾರೆ. ಆಮೇಲೆ ಸಿಪ್ಪೆ, ಸಣ್ಣ ಗುಳ್ಳೆ. ಕಪ್ಪು ಚರ್ಮದವರಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಆ ಜಾಗ ಕಂದಾಗಿ ಅಥವಾ ಬೂದಾಗಿ ಕಾಣುತ್ತದೆ. ಕನ್ನಡಿಗಿಂತ ಉರಿಯನ್ನೇ ನಂಬಿ.

ಈಗಾಗಲೇ ಉರೀತಿದೆ. ಏನು ಮಾಡಲಿ?

ಎಲ್ಲ ನಿಲ್ಲಿಸಿ. ಸ್ಕ್ರಬ್, ಆಮ್ಲ, ವಿಟಮಿನ್ ಸಿ, ರೆಟಿನಾಲ್, ಟೋನರ್, ಘಮಘಮಿಸುವ ಕ್ರೀಮ್, ಅರಿಶಿನ, ಅಲೋವೆರಾದ ಹಸಿ ಲೋಳೆ, ಎಲ್ಲವೂ. ಬೆಳಿಗ್ಗೆ ಬರೀ ನೀರಿನಲ್ಲಿ ತೊಳೆಯಿರಿ. ರಾತ್ರಿ ಸೌಮ್ಯ ಕ್ಲೆನ್ಸರ್. ಮುಖ ಇನ್ನೂ ತೇವವಿರುವಾಗಲೇ ವಾಸನೆ ಇಲ್ಲದ, ಸೆರಮೈಡ್ ಅಥವಾ ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಹಚ್ಚಿ. ತೀರಾ ಬಿರಿದ ಕಡೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ಹಗಲಿಗೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಅದೂ ಉರಿದರೆ ಛತ್ರಿ, ಟೋಪಿ. ಬಿಸಿನೀರು ಮುಖಕ್ಕೆ ಬೇಡ, ಹಬೆಯೂ ಬೇಡ.

ಎರಡರಿಂದ ನಾಲ್ಕು ವಾರ ಹೀಗೇ ಇರಿ. ಉರಿ ಪೂರ್ತಿ ನಿಂತ ಮೇಲೂ ಒಂದು ವಾರ ಕಾಯಿರಿ. ಮತ್ತೆ ಶುರು ಮಾಡುವುದಾದರೆ ಮೊದಲಿನ ಅರ್ಧ. ನೀರು ಒಸರುತ್ತಿದ್ದರೆ, ಮುಖ ಊದಿದ್ದರೆ, ಕಪ್ಪು ಗುರುತು ಬೀಳಲು ಶುರುವಾಗಿದ್ದರೆ ಕಾಯಬೇಡಿ, ಡಾಕ್ಟರ್‌ಗೆ ತೋರಿಸಿ. ಆ ಕಪ್ಪು ಮಾಸಲು ತಿಂಗಳುಗಳೇ ಬೇಕು.

ಹೊಸ ಸೀರಮ್ ಹಚ್ಚಿದ್ಮೇಲೆ ಮೊಡವೆ ಜಾಸ್ತಿ ಆಗಿದೆ. ಒಳಗಿನ ಕೊಳೆ ಹೊರಗೆ ಬರ್ತಿದೆ, ಬಿಡಬೇಡಿ ಅಂತಾರೆ. ನಿಜಾನಾ?

ಅರ್ಧ ನಿಜ. ಆಮ್ಲ, ರೆಟಿನಾಯ್ಡ್ (ರೆಟಿನಾಲ್‌ನಂತಹ ವಿಟಮಿನ್ ಎ ಜಾತಿಯವು) ಶುರು ಮಾಡಿದಾಗ ಒಳಗೇ ರೂಪುಗೊಳ್ಳುತ್ತಿದ್ದ ಮೊಡವೆಗಳು ಬೇಗ ಮೇಲೆ ಬರಬಹುದು. ಅವು ನಿಮಗೆ ಮಾಮೂಲಿ ಬರುವ ಜಾಗದಲ್ಲೇ ಬರುತ್ತವೆ, ಆರೆಂಟು ವಾರದಲ್ಲಿ ಇಳಿಯುತ್ತವೆ. ಹಿಂದೆಂದೂ ಬರದ ಜಾಗದಲ್ಲಿ ಬಂದರೆ, ತುರಿಸಿದರೆ, ಉರಿದರೆ ಅದು ಚರ್ಮದ ವಿರೋಧ. ಬಿಟ್ಟುಬಿಡಿ.

## ಮುಂದಿನ ಹಂತ

ಡಾಕ್ಟರ್ ಅಡಪಲೀನ್ ಕೊಟ್ಟಿದ್ದಾರೆ. ಜೊತೆಗೆ ಗ್ಲೈಕೋಲಿಕ್ ಹಚ್ಚಬಹುದಾ?

ಶುರುವಿನ ಎರಡು ಮೂರು ತಿಂಗಳು ಬೇಡ. ಅಡಪಲೀನ್, ಟ್ರೆಟಿನಾಯಿನ್ ಎರಡೂ ರೆಟಿನಾಯ್ಡ್, ತಾವೇ ಕೋಶಗಳು ಉದುರುವ ವೇಗ ಹೆಚ್ಚಿಸುತ್ತವೆ. ಆಮೇಲೂ ಒಂದೇ ರಾತ್ರಿ ಎರಡನ್ನೂ ಹಚ್ಚಬೇಡಿ. ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಪೀಲ್, ವ್ಯಾಕ್ಸ್ ಎರಡಕ್ಕೂ ಮೊದಲು ಅದೇ ಡಾಕ್ಟರನ್ನು ಕೇಳಿ.

ಗರ್ಭಿಣಿ ಇದ್ದೀನಿ. ಯಾವುದು ಬಿಡಬೇಕು?

ರೆಟಿನಾಲ್, ಅಡಪಲೀನ್, ಟ್ರೆಟಿನಾಯಿನ್ ಎಲ್ಲ ಬಿಡಿ. ಸ್ಯಾಲಿಸಿಲಿಕ್‌ನ ಪೀಲ್ ಬೇಡ. ಕಡಿಮೆ ಶಕ್ತಿಯ ಲ್ಯಾಕ್ಟಿಕ್, ಅಜೆಲಿಕ್ ಆಮ್ಲಗಳನ್ನು ಸಾಮಾನ್ಯವಾಗಿ ಸುರಕ್ಷಿತ ಎನ್ನುತ್ತಾರೆ. ಆದರೂ ನಿಮ್ಮ ಡಾಕ್ಟರ್‌ಗೆ ಬಾಟಲಿ ತೋರಿಸಿಯೇ ಹಚ್ಚಿ.

ಮದುವೆಗೆ ಹದಿನೈದು ದಿನ ಇದೆ. ಪಾರ್ಲರಲ್ಲಿ ಪೀಲ್ ಮಾಡಿಸ್ಲಾ?

ಬೇಡ, ಈಗ ತಡವಾಗಿದೆ. ಡಾಕ್ಟರುಗಳು ಬಳಸುವ ಗ್ಲೈಕೋಲಿಕ್ ಪೀಲ್ 20ರಿಂದ 70 ಶೇಕಡಾದವರೆಗೆ ಇರುತ್ತದೆ. ನಿಮಿಷ ಎಣಿಸಿ, ಸರಿಯಾದ ಹೊತ್ತಿಗೆ ಅದನ್ನು ನಿಷ್ಕ್ರಿಯ ಮಾಡಬೇಕು. ಮೊದಲು ಹರ್ಪಿಸ್ ಬಂದಿತ್ತಾ, ಯಾವ ಔಷಧ ನಡೆಯುತ್ತಿದೆ, ಗಾಯವಾದರೆ ಕಪ್ಪು ಉಳಿಯುತ್ತಾ ಎಂದು ಕೇಳಬೇಕು. ಇದನ್ನೆಲ್ಲ ಕೇಳದೆ ಬ್ರಶ್ ಎತ್ತಿಕೊಳ್ಳುವವರ ಮುಂದೆ ಮುಖ ಒಡ್ಡಬೇಡಿ. ಮಾಡಿಸುವುದೇ ಆದರೆ ಚರ್ಮದ ಡಾಕ್ಟರ ಹತ್ತಿರ ನಾಲ್ಕೈದು ತಿಂಗಳು ಮೊದಲೇ ಶುರು ಮಾಡಿ. ಕೊನೆಯ ಪೀಲ್ ಮದುವೆಗೆ ಕನಿಷ್ಠ ಮೂರು ವಾರ ಮುಂಚೆ ಮುಗಿಯಲಿ. ಪೀಲ್ ಆದ ಹಸಿ ಮುಖಕ್ಕೆ ಅರಿಶಿನ ಶಾಸ್ತ್ರದಲ್ಲಿ ಹತ್ತು ಜನ ಅರಿಶಿನ ಎಣ್ಣೆ ಹಚ್ಚಿದರೆ ಏನಾಗಬಹುದು, ಯೋಚಿಸಿ.

ಸ್ಕ್ರಬ್ ಎಲ್ಲ ಬಿಟ್ಟು ಒಂದು ಕ್ರೀಮ್ ಹಚ್ತಿದ್ದೀನಿ. ಪಕ್ಕದ ಮನೆಯವರು ಹೇಳಿದ್ದು. ವಾರದಲ್ಲೇ ಮುಖ ಬೆಳ್ಳಗಾಯ್ತು. ಬಿಟ್ರೆ ಕೆಂಪಾಗುತ್ತೆ. ಮುಂದುವರಿಸ್ಲಾ?

ಟ್ಯೂಬಿನ ಮೇಲೆ ಏನಿದೆ ಓದಿ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್, ಈ ಮೂರು ಹೆಸರು ಒಟ್ಟಿಗಿದ್ದರೆ ಅದು ಮೆಲಾಸ್ಮಾಕ್ಕೆ (ಮುಖದ ಬಂಗಿಗೆ) ಡಾಕ್ಟರ್ ಕೆಲವು ವಾರದ ಮಟ್ಟಿಗೆ ಬರೆದುಕೊಡುವ ಔಷಧ. ಮೂರನೆಯದು ಸ್ಟಿರಾಯ್ಡ್. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಕೂಡ ಅದೇ ಜಾತಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣುತ್ತದೆ, ಕೂದಲು ಬೆಳೆಯುತ್ತದೆ, ಮೊಡವೆ ತುಂಬುತ್ತದೆ. ಬಿಟ್ಟ ಕೂಡಲೇ ಕೆಂಪಾಗಿ ಉರಿಯುವುದರಿಂದ ಜನ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ನಾನು ಚೀಟಿ ಕೇಳಿದಾಗ ಮುನಿಸಿಕೊಂಡು ಹೋಗುವವರಿದ್ದಾರೆ. ಹೋಗಲಿ, ನಾನು ಕೊಡುವುದಿಲ್ಲ.

ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ನೀವೇ ಇದ್ದಕ್ಕಿದ್ದಂತೆ ನಿಲ್ಲಿಸಿ ಒದ್ದಾಡಬೇಡಿ, ಅದರ ಮೇಲೆ ಸ್ಕ್ರಬ್ಬಂತೂ ಬೇಡವೇ ಬೇಡ. ಈ ವಾರವೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೇಗೆ ಬಿಡಿಸಬೇಕು ಎಂದು ಅವರು ಹೇಳುತ್ತಾರೆ. ಖಾಲಿಯಾಗಿದ್ದರೂ ಆ ಟ್ಯೂಬು, ಅದರ ಡಬ್ಬ ಎರಡನ್ನೂ ಜೊತೆಗೆ ಒಯ್ಯಿರಿ. ಎಷ್ಟು ತಿಂಗಳಿಂದ ಹಚ್ಚುತ್ತಿದ್ದೀರಿ ಎಂಬುದನ್ನೂ ಮುಚ್ಚಿಡದೆ ಹೇಳಿ.